ಬಸ್ಸು ಹತ್ತಲು ಕಲಿಸಿದ ಡ್ರಿಲ್ ಮೇಷ್ಟ್ರು

ಕಳೆದ ಮಳೆಗಾಲದಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ತೀರಿಕೊಂಡರು. 1994ರ ಎಸ್‌ಎಸ್‌ಎಲ್‌ಸಿ ಬ್ಯಾಚಿನವರೆಲ್ಲ ಮಣ್ಣಿಗೆ ಬಂದಿದ್ದೆವು. ಶಾಲೆಯ ಸಂಚಿಕೆಗೆ ನೀನೇ ಬರಿ ಅಂತ ಗೆಳೆಯರು ನನಗೆ ಹೇಳಿದರು. ಓಡಲು ಬಾರದ ಹುಡುಗ ಡ್ರಿಲ್ ಮೇಷ್ಟ್ರ ಬಗ್ಗೆ ಬರೆಯುವುದು ಸರಿಯಾಗಿಯೇ ಇದೆ. ಅವರಿಂದ ನನ್ನಷ್ಟು ಕಲಿತವರು ಇನ್ನೊಬ್ಬರಿಲ್ಲ.

ಎರಡು ವರ್ಷಕ್ಕೇ ಪೋಲಿಯೊ ಬಂದು ನನ್ನ ಬಲಗಾಲು ಸೋತಿತ್ತು. ಕಾಲಿಗೆ ಆಸರೆಯಾಗುವ ಕಬ್ಬಿಣದ ಪಟ್ಟಿ, ಕ್ಯಾಲಿಪರ್, ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದೆ. ಬೇರೆ ಮೇಷ್ಟ್ರುಗಳೂ ಒಳ್ಳೆಯವರೇ. ಪ್ರಶ್ನೆ ಕೇಳಿದಾಗ ಎದ್ದರೆ ‘ಕೂತ್ಕೊಂಡೇ ಹೇಳಪ್ಪ’ ಅನ್ನುತ್ತಿದ್ದರು. ಆಟದ ಪೀರಿಯಡ್ಡಿನಲ್ಲಿ ಬೇವಿನ ಮರದ ಕೆಳಗೆ ಎಲ್ಲರ ಚಪ್ಪಲಿ ಕಾಯುವುದು ನನ್ನ ಕೆಲಸವಾಗಿತ್ತು. ಡ್ರಿಲ್ ಮೇಷ್ಟ್ರು ಬಂದ ಮೇಲೆ ಅದು ನಿಂತಿತು. ಕೈಗೆ ಸೀಟಿ ಕೊಟ್ಟು ಕಬಡ್ಡಿಗೆ ರೆಫರಿ ಮಾಡಿದರು.

ನಮ್ಮದು ಮಂಡ್ಯ ಜಿಲ್ಲೆ. ವಿ.ಸಿ. ನಾಲೆಯ ಪಕ್ಕ ಕಬ್ಬು, ಕಬ್ಬಿನ ಪಕ್ಕ ಆಲೆಮನೆ. ಒಂದು ಮಧ್ಯಾಹ್ನ ಗೆಳೆಯರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಲೆಮನೆಗೆ ಕರೆದುಕೊಂಡು ಹೋದರು. ಬಿಸಿ ಬೆಲ್ಲ ಬಾಳೆ ಎಲೆಗೆ ಸುರಿದುಕೊಂಡು, ನಾಲಿಗೆ ಸುಟ್ಟುಕೊಂಡು ತಿಂದೆವು. ಯಜಮಾನ ಬಂದ. ಎಲ್ಲರೂ ಗದ್ದೆಯಲ್ಲಿ ಮಾಯವಾದರು, ನಾನು ಸಿಕ್ಕಿಬಿದ್ದೆ. ಮಾರನೇ ದಿನ ಹೆಡ್‌ಮಾಸ್ಟರು ಎಲ್ಲರಿಗೂ ಗಿಡಕ್ಕೆ ನೀರು ಹೊರುವ ಶಿಕ್ಷೆ ಕೊಟ್ಟು, ನನ್ನನ್ನು ಮಾತ್ರ ಪಾಪ ಅಂತ ಬಿಟ್ಟರು. ಡ್ರಿಲ್ ಮೇಷ್ಟ್ರು ಬಿಡಲಿಲ್ಲ. ‘ಬೆಲ್ಲ ಇವನೂ ತಿಂದಿದ್ದಾನಲ್ಲ ಸಾರ್, ಬಾವಿಯಿಂದ ನೀರು ಸೇದಲಿ’ ಅಂದರು. ಸೇದಿದೆ. ಆವತ್ತು ನನಗಾದ ಖುಷಿ ಹೇಳತೀರದು.

ಹತ್ತನೇ ತರಗತಿಯಲ್ಲಿ ಅವರು ಸಿಲಬಸ್ಸಿನಲ್ಲಿ ಇಲ್ಲದ ಪಾಠ ಶುರು ಮಾಡಿದರು. ಸಂಜೆ ನಮ್ಮೂರಿನ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸು ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಅದಕ್ಕೆ ಹತ್ತು, ಇಳಿ, ಮತ್ತೆ ಹತ್ತು. ಮೊದಲು ಕಂಬಿ, ಆಮೇಲೆ ಗಟ್ಟಿ ಕಾಲು, ಕೊನೆಗೆ ಕ್ಯಾಲಿಪರ್ ಕಾಲು. ಕಂಡಕ್ಟರು ಎತ್ತಲು ಬಂದರೆ ಮೇಷ್ಟ್ರು ಸುಮ್ನೆ ಕೈ ಅಡ್ಡ ಹಿಡಿಯುತ್ತಿದ್ದರು. ಪೋಸ್ಟಾಫೀಸಿನಲ್ಲಿ ಮನಿಯಾರ್ಡರ್ ಫಾರಂ ನಾನೇ ತುಂಬಬೇಕು. ಅಂಗವಿಕಲ ಸರ್ಟಿಫಿಕೇಟಿಗೆ ಮಂಡ್ಯದ ಆಸ್ಪತ್ರೆಗೆ ಹೋದಾಗಲೂ ಅವರು ಹೊರಗಿನ ಬೆಂಚಿನಲ್ಲೇ ಕೂತರು. ‘ಡಾಕ್ಟರು ಕೇಳಿದ್ದಕ್ಕೆ ನೀನೇ ಹೇಳು, ಕಾಲು ನಿಂದು’ ಅಂದರು.

ನನ್ನಂಥ ಹುಡುಗರಿಗೆ ಎಸ್‌ಟಿಡಿ ಬೂತ್ ಹಾಕಿಸಿಕೊಡುವುದು ಆಗ ರೂಢಿ. ಅಪ್ಪನೂ ಅದನ್ನೇ ಯೋಚಿಸಿದ್ದರು. ಮೈಸೂರಿನಲ್ಲಿ ಜೆಎಸ್‌ಎಸ್‌ನವರು 1991ರಲ್ಲಿ ಅಂಗವಿಕಲರಿಗೆಂದೇ ಪಾಲಿಟೆಕ್ನಿಕ್ ತೆರೆದಿದ್ದರು. ಅದನ್ನು ಹುಡುಕಿ ಅರ್ಜಿ ತಂದವರು ಮೇಷ್ಟ್ರು. ಅವ್ವ ಅತ್ತಳು, ಅಪ್ಪ ಒಪ್ಪಲಿಲ್ಲ. ಮೇಷ್ಟ್ರು ನಮ್ಮ ಜಗಲಿ ಬಿಟ್ಟು ಏಳಲಿಲ್ಲ. ಅಲ್ಲಿ ನಾನು ಡಿಪ್ಲೊಮಾ ಮುಗಿಸಿದೆ. ಕಿವಿ ಕೇಳದ ಗೆಳೆಯರ ಜೊತೆ ಕೈಯಲ್ಲೇ ಹರಟೆ ಹೊಡೆಯುವುದನ್ನೂ ಕಲಿತೆ. ಅಷ್ಟರಲ್ಲಿ 1995ರ ಅಂಗವಿಕಲರ ಕಾಯ್ದೆ ಬಂದು ಸರ್ಕಾರಿ ಕೆಲಸದಲ್ಲಿ ಶೇ 3ರಷ್ಟು ಜಾಗ ಮೀಸಲಾಯಿತು. ಪರೀಕ್ಷೆ ಬರೆದೆ, ಖಜಾನೆ ಇಲಾಖೆ ಸೇರಿದೆ. ಇವತ್ತು ಒಂದು ಕಚೇರಿ ನನ್ನ ಕೈಕೆಳಗೆ ನಡೆಯುತ್ತದೆ. ತಂಗಿಯರ ಮದುವೆ ಮಾಡಿದವನೂ ನಾನೇ. ಮೊಬೈಲ್ ಬಂದ ಮೇಲೆ ಊರಿನ ಎಸ್‌ಟಿಡಿ ಬೂತುಗಳೆಲ್ಲ ಮುಚ್ಚಿಹೋದವು.

ಈಗ ಅನುಕೂಲ ಜಾಸ್ತಿ, ಅಲ್ವಾ? ಶಾಲೆಗೆ ರ‍್ಯಾಂಪ್ ಇದೆ. ವಿಶೇಷ ಮಕ್ಕಳನ್ನು ನೋಡಿಕೊಳ್ಳಲು ಬ್ಲಾಕಿಗೆ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆ ಸೇರಿವೆ. 18 ವರ್ಷದವರೆಗೆ ಉಚಿತ ಶಿಕ್ಷಣ, ಕಾಲೇಜಿನಲ್ಲಿ ಶೇ 5, ಸರ್ಕಾರಿ ಕೆಲಸದಲ್ಲಿ ಶೇ 4ರಷ್ಟು ಜಾಗ. ಕಾಗದದ ಮೇಲೆ ಕೊರತೆ ಇಲ್ಲ. ಆದರೆ ಫಲಿತಾಂಶ ಬಂದ ದಿನ 625ಕ್ಕೆ ಎಷ್ಟು ಅಂತ ಫ್ಲೆಕ್ಸ್ ಕಟ್ಟುವ ಗಡಿಬಿಡಿ. ಪಾಸಾದ ಅಂಗವಿಕಲ ಮಗು ಜೂನಿನಲ್ಲಿ ಎಲ್ಲಿಗೆ ಹೋಯಿತು ಅಂತ ಯಾರೂ ಕೇಳುವುದಿಲ್ಲ. ನಮ್ಮ ಬೀದಿಯಲ್ಲೇ ಕಿವಿ ಕೇಳದ ಒಬ್ಬ ಹುಡುಗಿ ಇದ್ದಾಳೆ. ಎಸ್‌ಎಸ್‌ಎಲ್‌ಸಿ ಪಾಸು ಮಾಡಿ ಮನೆಯಲ್ಲೇ ಕೂತಿದ್ದಾಳೆ. ಮೈಸೂರಿಗೆ ಒಬ್ಬಳೇ ಹೇಗೆ ಹೋಗುತ್ತಾಳೆ ಅಂತ ಅವಳ ತಾಯಿ ನನ್ನನ್ನೇ ಕೇಳಿದರು. ಬಸ್ಸು ಹತ್ತಿಸುವ ಮೇಷ್ಟ್ರು ಅವಳಿಗೆ ಸಿಗಲಿಲ್ಲ. ಇದು ಅವಳ ತಪ್ಪಲ್ಲ.

ಹಾಗಾಗಿ ನಮ್ಮ ಬ್ಯಾಚಿನವರು ಸೇರಿ ಒಂದು ಕೆಲಸ ಹಿಡಿದಿದ್ದೇವೆ. ಪ್ರತಿ ವರ್ಷ ಜನವರಿಯಲ್ಲಿ ಶಾಲೆಗೆ ಬಂದು, ಹತ್ತನೇ ತರಗತಿಯ ಅಂಗವಿಕಲ ಮಕ್ಕಳ ಮತ್ತು ಅವರ ಅಪ್ಪ ಅಮ್ಮಂದಿರ ಜೊತೆ ಕೂರುತ್ತೇವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಆಗಿದೆಯೇ, ಮುಂದೆ ಯಾವ ಕಾಲೇಜು, ಅಲ್ಲಿಗೆ ಯಾವ ಬಸ್ಸು, ಹಾಸ್ಟೆಲ್ ಇದೆಯೇ, ಎಲ್ಲ ನೋಡುತ್ತೇವೆ. ಬಸ್ಸಿನಲ್ಲಿ ಮಗುವಿನ ಜೊತೆ ಬರಲು ನಮ್ಮಲ್ಲಿ ಬಿಡುವಿರುವವರು ಒಪ್ಪಿದ್ದಾರೆ. ಬೀದಿಯ ಆ ಹುಡುಗಿಯಿಂದಲೇ ಶುರು. ಈ ವಾರ ಅವಳನ್ನು ಕರೆದುಕೊಂಡು ಮೈಸೂರಿಗೆ ಹೋಗುತ್ತಿದ್ದೇನೆ.