ಐದನೆಯವರ ಮೀಟು

ವಿಯೆನ್ನಾದ ಸಂಗೀತಗಾರ ಶೂಬರ್ಟ್‌ನ ಸಿ ಮೇಜರ್ ಕ್ವಿಂಟೆಟ್ ನುಡಿಸೋಕೆ ಐದು ಜನ ಬೇಕು. ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾ ಒಂದು, ಇನ್ನೂ ದೊಡ್ಡದಾದ, ಕೆಳದನಿಯ ಚೆಲ್ಲೊ ಎರಡು. ಮೊಜಾರ್ಟ್ ತನ್ನ ತಂತಿವಾದ್ಯಗಳ ಕ್ವಿಂಟೆಟ್‌ಗಳಲ್ಲಿ ಕ್ವಾರ್ಟೆಟ್‌ನ ನಾಲ್ವರ ಜೊತೆಗೆ ಇನ್ನೊಂದು ವಿಯೋಲಾ ಸೇರಿಸಿಕೊಂಡಿದ್ದ. ಶೂಬರ್ಟ್ ಸೇರಿಸಿದ್ದು ಚೆಲ್ಲೊ. ಹೀಗಾಗಿ ಕೆಳಗಿನ ಭಾರವನ್ನೆಲ್ಲ ಒಂದು ಚೆಲ್ಲೊ ಹೊತ್ತುಕೊಂಡರೆ ಇನ್ನೊಂದು ಮೇಲೆ ಬಂದು ಹಾಡಬಹುದು. ಬರೆದದ್ದು 1828ರಲ್ಲಿ, ಸಾಯುವುದಕ್ಕೆ ಸ್ವಲ್ಪವೇ ಮುಂಚೆ. ಅಕ್ಟೋಬರ್ 2ರಂದು ಪ್ರಕಾಶಕರಿಗೆ ಬರೆದ ಕಾಗದದಲ್ಲಿ ಇದರ ಪ್ರಸ್ತಾಪ ಇದೆ. ನವೆಂಬರ್ 19ಕ್ಕೆ ತೀರಿಕೊಂಡ. ಆಗ ಅವನ ವಯಸ್ಸು 31. ಇದರ ಮೊದಲ ಸಾರ್ವಜನಿಕ ಕಛೇರಿ ನಡೆದದ್ದು ವಿಯೆನ್ನಾದಲ್ಲಿ, 1850ರಲ್ಲಿ. ಅಚ್ಚಾದದ್ದು 1853ರಲ್ಲಿ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ಕೃತಿಯ ರೆಕಾರ್ಡಿಂಗ್ ಎಲ್ಲಿ ಕಂಡರೂ ತೆಗೆದುಕೊಳ್ಳುವ ಅಭ್ಯಾಸ ನನಗೆ ಕಾಲೇಜು ದಿನಗಳಿಂದ ಇದೆ. ಕಳೆದ ಮಳೆಗಾಲದ ಒಂದು ಭಾನುವಾರ ಅವುಗಳಲ್ಲಿ ಕೆಲವನ್ನು ಫೋನಿಗೆ ಹಾಕಿಕೊಂಡು, ಒಳ್ಳೆಯ ಸ್ಪೀಕರ್ ಒಂದನ್ನು ಬ್ಯಾಗಿಗೆ ತುಂಬಿಕೊಂಡು ಮೈಸೂರಿಗೆ ಹೋದೆ. ಸರಸ್ವತಿಪುರಂನಲ್ಲಿ ಚಿಕ್ಕಮ್ಮ ಇದ್ದಾರೆ. ಚಿಕ್ಕಂದಿನಿಂದ ವೀಣೆ ನುಡಿಸಿದವರು, ಪಾಠ ಹೇಳಿದವರು. ಈಗ ಬೆರಳು ಸ್ವಲ್ಪ ಬಿಗಿಯಾಗಿದೆ, ಹಾಗಾಗಿ ನುಡಿಸೋದಕ್ಕಿಂತ ಕೇಳೋದೇ ಜಾಸ್ತಿ. ಪಾಶ್ಚಾತ್ಯ ಸಂಗೀತವನ್ನು ಅವರು ಕೂತು ಕೇಳಿದವರಲ್ಲ. ಅಂಥ ಕಿವಿಗೆ ಈ ಕ್ವಿಂಟೆಟ್ ಹೇಗೆ ಕೇಳಿಸುತ್ತೆ ಅಂತ ತಿಳಿಯುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಹಾಗೆ ನೋಡಿದರೆ ಮೈಸೂರಿಗೆ ಈ ಸಂಗೀತ ಹೊಸದೇನಲ್ಲ. ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು, ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳನ್ನು ಅಪಾರವಾಗಿ ಕೂಡಿಸಿದ್ದವರು. ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಡ್ಟ್‌ನರ್‌ನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಕಂಪನಿ ರೆಕಾರ್ಡ್ ಮಾಡಿದ್ದಕ್ಕೆ ದುಡ್ಡು ಕೊಟ್ಟದ್ದು ಅವರೇ. ಇದನ್ನು ಹೇಳಿದಾಗ ಚಿಕ್ಕಮ್ಮ, "ಅರಮನೇಲಿ ಇಂಗ್ಲಿಷ್ ಬ್ಯಾಂಡ್ ಇತ್ತು, ಅದು ಗೊತ್ತು. ಇದು ಗೊತ್ತಿರ್ಲಿಲ್ಲ" ಅಂದರು.

ಊಟ ಮುಗಿಸಿ ಕೂತೆವು. ಮೊದಲ ಭಾಗವನ್ನು ಪೂರ್ತಿ ಹಾಕಿದೆ. ಅದರಲ್ಲಿ ಎರಡು ಚೆಲ್ಲೊ ಸೇರಿ ಹಾಡುವ ಒಂದು ಎಳೆ ಬರುತ್ತದೆ. ಅಲ್ಲಿ ತಲೆಯಾಡಿಸಿದರು, ಅಷ್ಟೇ. ಆಮೇಲೆ ಎರಡನೇ ಭಾಗ ಶುರುವಾಯಿತು.

ಈ ಅಡಾಜಿಯೊ, ಅಂದರೆ ನಿಧಾನಗತಿಯ ಭಾಗ, ಶುರುವಾಗುವ ರೀತಿ ಹೇಳಬೇಕು. ಎರಡನೇ ವಯಲಿನ್, ವಿಯೋಲಾ, ಮೊದಲ ಚೆಲ್ಲೊ, ಮಧ್ಯದ ಈ ಮೂವರು ಉದ್ದುದ್ದ ಸ್ವರಗಳನ್ನು ಎಳೆಯುತ್ತಾ ಹೋಗುತ್ತಾರೆ. ಎಷ್ಟು ನಿಧಾನ ಅಂದರೆ ಕಮಾನು ಎಲ್ಲಿ ತಿರುಗಿತು ಅನ್ನೋದೇ ತಿಳಿಯುವುದಿಲ್ಲ. ಮೇಲೆ ಮೊದಲ ವಯಲಿನ್ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಏನೋ ಹೇಳಿ ಸುಮ್ಮನಾಗುತ್ತದೆ. ತೀರಾ ಕೆಳಗೆ ಎರಡನೇ ಚೆಲ್ಲೊ. ಅದು ಕಮಾನು ಬಿಟ್ಟು ಬೆರಳಿನಿಂದ ಮೀಟುತ್ತದೆ. ನಾನು ಮೊದಲಿನಿಂದಲೂ ಆ ವಯಲಿನ್ ಜೊತೆಗೇ ಹೋಗುವ ಕೇಳುಗ. ಯಾವ ರೆಕಾರ್ಡಿಂಗ್ ಬಗ್ಗೆ ಮಾತಾಡಿದರೂ ಅದರ ಮೊದಲ ವಯಲಿನ್ ಬಗ್ಗೆಯೇ ಮಾತಾಡುತ್ತಿದ್ದೆ.

ಚಿಕ್ಕಮ್ಮ ಕಣ್ಣು ಮುಚ್ಚಿ ಕೂತಿದ್ದರು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಸೀರೆಯ ಮೇಲೆ ಒಂದಾದ ಮೇಲೊಂದು ಆಡುತ್ತಿದ್ದವು. ವೀಣೆಯಲ್ಲಿ ಮೀಟುವ ಬೆರಳುಗಳೇ ಅವು. ಸ್ವಲ್ಪ ಹೊತ್ತಿಗೆ, "ನಿಲ್ಸು" ಅಂದರು. "ಕೆಳಗಡೆ ಮೀಟ್ತಾ ಇದಾರಲ್ಲ, ಅವರು ಯಾರು? ಇನ್ನೊಂದ್ಸಲ ಹಾಕು."

ಅದು ಆಲ್ಬನ್ ಬರ್ಗ್ ಕ್ವಾರ್ಟೆಟ್ 1982ರಲ್ಲಿ ಮಾಡಿದ ರೆಕಾರ್ಡಿಂಗ್. ಶೂಬರ್ಟ್‌ನ ಊರಾದ ವಿಯೆನ್ನಾದವರೇ. ಐದನೆಯವರಾಗಿ ಸೇರಿಕೊಂಡವರು ಆಸ್ಟ್ರಿಯಾದ ಹೈನ್ರಿಕ್ ಶಿಫ್. ಮತ್ತೆ ಹಾಕಿದೆ. ಈ ಸಲ ನಾನೂ ಕೆಳಗಿನದನ್ನೇ ಕೇಳಿದೆ. ಶಿಫ್ ಮೀಟು ಅಚ್ಚುಕಟ್ಟು, ದುಂಡಗೆ ಇದೆ, ಬೇಕಾದಷ್ಟೇ ನಿಂತು ಮುಗಿಯುತ್ತದೆ. ಮೇಲಿನವರ ಇಂಪು ಹೊಳೆಯೋಕೆ ಇದೇ ಕಾರಣ ಅನ್ನಿಸಿತು. "ಚೆನ್ನಾಗಿದೆ. ಆದ್ರೆ ಬೇರೆಯವರು ಹೇಗೆ ಮೀಟಿದ್ದಾರೆ ನೋಡೋಣ" ಅಂದರು ಚಿಕ್ಕಮ್ಮ. ಅಲ್ಲಿಂದ ಮಧ್ಯಾಹ್ನ ಪೂರ್ತಿ ಇದೇ ಕೆಲಸವಾಯಿತು.

ಆಮೇಲೆ ಹಾಲಿವುಡ್ ಸ್ಟ್ರಿಂಗ್ ಕ್ವಾರ್ಟೆಟ್. 1951ರದ್ದು. ಇವರೆಲ್ಲ ಹಗಲು ಸಿನಿಮಾ ಸ್ಟುಡಿಯೊಗಳ ಆರ್ಕೆಸ್ಟ್ರಾಗಳಲ್ಲಿ ದುಡಿಯುತ್ತಿದ್ದವರು. ಮೊದಲ ವಯಲಿನ್ ಫೆಲಿಕ್ಸ್ ಸ್ಲಾಟ್ಕಿನ್, ಚೆಲ್ಲೊ ಅವರ ಹೆಂಡತಿ ಎಲೀನರ್ ಆಲರ್, ಎರಡನೇ ಚೆಲ್ಲೊಗೆ ಕರ್ಟ್ ರೆಹರ್. ಮೈಕಿನ ಮುಂದೆಯೇ ಬದುಕು ಕಳೆದ ಜನ. ಒಂದು ಸ್ವರವೂ ಆಚೀಚೆ ಹೋಗುವುದಿಲ್ಲ. ಭಾವವನ್ನು ಮೇಲಿನಿಂದ ಸುರಿಯುವುದೂ ಇಲ್ಲ. ರೆಹರ್ ಮೀಟಿನಲ್ಲಿ ಒಂದು ಬಿಗಿ ಇದೆ. ಆ ಬಿಗಿಯಿಂದಲೇ ಮಧ್ಯದ ಮೂವರ ಉದ್ದ ಸ್ವರಗಳು ಕುಸಿಯದೆ ನಿಲ್ಲುತ್ತವೆ. ಮೋನೊ ಸದ್ದು, ಹಳೆಯದು, ಆದರೂ ಎಷ್ಟು ಸ್ಪಷ್ಟ!

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಪ್ರಾಡ್‌ನ ರೆಕಾರ್ಡಿಂಗ್. ಫ್ರಾನ್ಸಿನ ದಕ್ಷಿಣದ ಅಂಚಿನಲ್ಲಿ, ಸ್ಪೇನಿನ ಗಡಿ ಹತ್ತಿರ ಇರುವ ಪುಟ್ಟ ಊರು ಅದು. ಸ್ಪೇನಿನಲ್ಲಿ ಸರ್ವಾಧಿಕಾರಿ ಫ್ರಾಂಕೊ ಅಧಿಕಾರಕ್ಕೆ ಬಂದ ಮೇಲೆ ಆ ದೇಶದ ಚೆಲ್ಲೊ ವಾದಕ ಪಾಬ್ಲೊ ಕಸಾಲ್ಸ್ ಅಲ್ಲೇ ನೆಲೆಸಿದರು. ಫ್ರಾಂಕೊ ಸರ್ಕಾರವನ್ನು ಒಪ್ಪಿಕೊಂಡ ದೇಶಗಳಲ್ಲಿ ನುಡಿಸುವುದಿಲ್ಲ ಎಂದು ಕಛೇರಿಗಳನ್ನೇ ಬಿಟ್ಟುಬಿಟ್ಟಿದ್ದರು. ಅವರು ಬರದಿದ್ದರೆ ನಾವೇ ಹೋಗೋಣ ಎಂದು ಬೇರೆ ಕಲಾವಿದರು ಆ ಊರಿಗೇ ಹೋದರು. 1950ರಲ್ಲಿ ಬಾಖ್ ತೀರಿಕೊಂಡು ಇನ್ನೂರು ವರ್ಷವಾದ ನೆಪದಲ್ಲಿ ಉತ್ಸವ ಶುರುವಾಯಿತು. 1952ರಲ್ಲಿ ಅಲ್ಲಿ ಈ ಕ್ವಿಂಟೆಟ್ ರೆಕಾರ್ಡ್ ಆದಾಗ ಕಸಾಲ್ಸ್‌ಗೆ 75 ವರ್ಷ. ವಯಲಿನ್‌ಗಳಲ್ಲಿ ಐಸಾಕ್ ಸ್ಟರ್ನ್, ಅಲೆಕ್ಸಾಂಡರ್ ಶ್ನೈಡರ್. ವಿಯೋಲಾ ಮಿಲ್ಟನ್ ಕೇಟಿಮ್ಸ್. ಮೊದಲ ಚೆಲ್ಲೊ ಕಸಾಲ್ಸ್, ಎರಡನೆಯದು ಪಾಲ್ ಟಾರ್ಟೆಲಿಯೆ.

ಇವರು ಸದಾ ಜೊತೆಯಲ್ಲಿ ನುಡಿಸುವ ತಂಡವಲ್ಲ. ಅದು ಕೇಳಿಸುತ್ತದೆ. ಅಂಚುಗಳು ಒರಟಾಗಿವೆ, ಐದು ದನಿ ಐದಾಗಿಯೇ ಉಳಿಯುತ್ತವೆ. ಆದರೆ ಅಡಾಜಿಯೊದ ಮಧ್ಯದಲ್ಲಿ ಸಂಗೀತ ಇದ್ದಕ್ಕಿದ್ದಂತೆ ಎಫ್ ಮೈನರ್ ಅನ್ನೋ ಬೇರೆ ಶ್ರುತಿಗೆ ಹೊರಳುತ್ತದಲ್ಲ, ಅಲ್ಲಿ ಮೊದಲ ವಯಲಿನ್ ಮತ್ತು ಮೊದಲ ಚೆಲ್ಲೊ ಬೇರೆಬೇರೆ ಸ್ಥಾಯಿಯಲ್ಲಿ ಒಂದೇ ಹಾಡನ್ನು ಹಿಡಿಯುತ್ತವೆ. ಕೆಳಗೆ ಎರಡನೇ ಚೆಲ್ಲೊ ಕುದಿಯುತ್ತಿರುತ್ತದೆ. ಇಲ್ಲಿ ಸ್ಟರ್ನ್ ಮತ್ತು ಕಸಾಲ್ಸ್ ಅಳುತ್ತಾರೆ, ಬೇರೆ ಮಾತೇ ಇಲ್ಲ. ಊರು ಬಿಟ್ಟು ಬಂದ ಮುದುಕ ಒಬ್ಬರು ಅಲ್ಲಿ ನುಡಿಸುತ್ತಿದ್ದಾರೆ ಅನ್ನೋದನ್ನು ಮರೆತು ಕೇಳೋಕೆ ನನ್ನಿಂದ ಆಗುವುದಿಲ್ಲ.

ಚಿಕ್ಕಮ್ಮ ಮಾತ್ರ ಟಾರ್ಟೆಲಿಯೆಯ ಮೀಟನ್ನೇ ಹಿಡಿದುಕೊಂಡಿದ್ದರು. "ಮೀಟಿದ ಮೇಲೆ ಎಡಗೈ ಸುಮ್ನೆ ಬಿಟ್ಟಿಲ್ಲ ನೋಡು ಇವರು. ಒತ್ತಿ ಆಡಿಸ್ತಾ ಇದಾರೆ. ಅದಕ್ಕೇ ನಾದ ಅಷ್ಟು ಹೊತ್ತು ನಿಂತಿದೆ." ನಿಜ. ಚೆಲ್ಲೊದಲ್ಲಿ ಮೀಟಿದ ತಂತಿಯ ಸದ್ದು ಬೇಗ ಇಳಿಯುತ್ತದೆ. ಎಡಗೈ ಬೆರಳನ್ನು ತಂತಿಯ ಮೇಲೆ ಒತ್ತಿಯೇ ಇಟ್ಟು ಅಲುಗಿಸಿದರೆ ಆ ನಾದಕ್ಕೆ ಇನ್ನೂ ಸ್ವಲ್ಪ ಜೀವ ಬರುತ್ತದೆ. ವೀಣೆಯವರಿಗೆ ಇದು ದಿನದ ಕೆಲಸ. ಒಂದೇ ಮೀಟಿನಲ್ಲಿ ಎಷ್ಟು ದೂರ ಹೋಗಬಹುದು ಅನ್ನೋದರ ಮೇಲೇ ಅವರ ಇಡೀ ಗಮಕ ನಿಂತಿದೆ ಅಲ್ವಾ?

ಕೊನೆಗೆ ಪ್ರಾಗ್‌ನ ಪಾವೆಲ್ ಹಾಸ್ ಕ್ವಾರ್ಟೆಟ್, 2013ರದ್ದು. ಎರಡನೇ ಚೆಲ್ಲೊ ಡಾನ್ಯುಲೊ ಇಶಿಜಾಕಾ. ಆಶ್‌ವಿಟ್ಜ್‌ನಲ್ಲಿ 1944ರಲ್ಲಿ ಕೊಲೆಯಾದ ಚೆಕ್ ಸಂಗೀತಗಾರನ ಹೆಸರನ್ನು ಈ ತಂಡ ಇಟ್ಟುಕೊಂಡಿದೆ. ಇವರು ಮೆಲ್ಲಗೆ ನುಡಿಸಿದರೆ ಉಸಿರು ಹಿಡಿಯಬೇಕು, ಜೋರಾಗಿ ನುಡಿಸಿದರೆ ಐದು ಜನ ಅಂತ ನಂಬೋಕಾಗಲ್ಲ. ಇದನ್ನು ಹಾಕಿದಾಗ ಚಿಕ್ಕಮ್ಮನ ಬೆರಳುಗಳು ಸೀರೆಯ ಮೇಲೆ ಆಡುವುದು ನಿಂತಿತು. ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ಕೂತರು. ಇಶಿಜಾಕಾ ಮೀಟು ಎರಡು ಸ್ವರಗಳ ನಡುವೆ ಕಾಯುತ್ತದೆ. ತಾಳ ತಪ್ಪುವುದಿಲ್ಲ, ಆದರೆ ಮುಂದಿನದು ಬರುತ್ತೋ ಇಲ್ಲವೋ ಅನ್ನಿಸುವಷ್ಟು ಜಾಗ ಬಿಡುತ್ತದೆ. ಮುಗಿಯುವ ಹೊತ್ತಿಗೆ ಸಂಗೀತ ಇನ್ನೊಮ್ಮೆ ಆ ಎಫ್ ಮೈನರ್ ಕಡೆ ವಾಲಿ ಹಿಂದಕ್ಕೆ ಬರುತ್ತದೆ. ಅಲ್ಲಿ ಚಿಕ್ಕಮ್ಮ "ಅಯ್ಯೋ" ಅಂದರು, ಅಷ್ಟೇ.

ಮೂರನೇ ಭಾಗವಾದ ಸ್ಕೆರ್ಟ್ಸೊ ಅವರಿಗೆ ಗಲಾಟೆ ಅನ್ನಿಸಿತು. ಕೊನೆಯ ಭಾಗ ಇಷ್ಟವಾಯಿತು, ಅದರಲ್ಲೂ ಅದರ ತುತ್ತತುದಿ. ಸಿ ಮೇಜರ್ ಕೃತಿ, ಸಿ ಸ್ವರದಲ್ಲೇ ಮುಗಿಯುತ್ತದೆ. ಆದರೆ ಅದಕ್ಕಿಂತ ಒಂದು ಕ್ಷಣ ಮುಂಚೆ ಅದರ ಪಕ್ಕದ ಡಿ ಫ್ಲಾಟ್ ಬಂದು ಉಜ್ಜಿಕೊಂಡು ಇಳಿಯುತ್ತದೆ. ಚಿಕ್ಕಮ್ಮ ತಕ್ಷಣ ಹಾಡಿ ತೋರಿಸಿದರು: "ರಿ, ಸ. ಶುದ್ಧ ರಿಷಭದಿಂದ ಷಡ್ಜಕ್ಕೆ! ಇಷ್ಟೊತ್ತು ದೊಡ್ಡ ರಿಷಭದಲ್ಲಿ ಓಡಾಡಿ ಕೊನೇಲಿ ಯಾಕೆ ಇಲ್ಲಿಂದ ಬಂದ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೇ ಸ್ವಲ್ಪ ಹೊತ್ತು ಯೋಚಿಸಿ, "ಕಾಯಿಲೆ ಇತ್ತು ಅಂದ್ಯಲ್ಲ" ಅಂದರು.

ಆಗ ಅವರಿಗೆ ಇನ್ನೊಂದು ವಿಷಯ ಹೇಳಿದೆ. ಸಾಯುವುದಕ್ಕೆ ಐದು ದಿನ ಮುಂಚೆ, ಹಾಸಿಗೆ ಹಿಡಿದಿದ್ದ ಶೂಬರ್ಟ್ ಬೀಥೋವನ್‌ನ ಸಿ ಶಾರ್ಪ್ ಮೈನರ್ ಕ್ವಾರ್ಟೆಟ್ ಕೇಳಬೇಕು ಎಂದನಂತೆ. ಸ್ನೇಹಿತರು ಮನೆಗೇ ಬಂದು ನುಡಿಸಿದರಂತೆ. ಅದರ ರೆಕಾರ್ಡಿಂಗ್‌ಗಳಲ್ಲಿ ನನ್ನ ಆಯ್ಕೆ 1936ರ ಬುಷ್ ಕ್ವಾರ್ಟೆಟ್. ಏಳು ಭಾಗ ನಡುವೆ ಬಿಡುವಿಲ್ಲದೆ ಹೋಗುವ ಕೃತಿ. ಆಗಿನ 78 ಆರ್‌ಪಿಎಂ ತಟ್ಟೆಗಳಲ್ಲಿ ನಾಲ್ಕೈದು ನಿಮಿಷಕ್ಕೊಮ್ಮೆ ನಿಲ್ಲಿಸಲೇಬೇಕಿತ್ತು. ಆದರೂ ಅಡಾಲ್ಫ್ ಬುಷ್ ತಂಡದ ಓಟ ಎಲ್ಲೂ ಕಡಿದಂತೆ ಕೇಳುವುದಿಲ್ಲ. ಅದನ್ನು ಕೇಳುವಷ್ಟು ಹೊತ್ತು ಉಳಿದಿರಲಿಲ್ಲ, ರೈಲಿಗೆ ಸಮಯವಾಗಿತ್ತು.

ಚಿಕ್ಕಮ್ಮನ ಮತ ಪಾವೆಲ್ ಹಾಸ್‌ಗೆ. ನಾನು ಪ್ರಾಡ್ ಬಿಟ್ಟುಕೊಡಲಿಲ್ಲ, ಬಾಗಿಲವರೆಗೂ ಇದೇ ವಾದ. ಮುಂದಿನ ಸಲ ಬರುವಾಗ ಎರಡು ವಿಯೋಲಾದ್ದು ತಗೊಂಡು ಬಾ ಎಂದಿದ್ದಾರೆ. ಮೊಜಾರ್ಟ್‌ನ ಜಿ ಮೈನರ್ ಕ್ವಿಂಟೆಟ್ ಒಯ್ಯುತ್ತೇನೆ, ವಯಲಿನ್ ವಾದಕ ಆರ್ತರ್ ಗ್ರುಮಿಯೊ ಮತ್ತು ಜೊತೆಗಾರರು 1973ರಲ್ಲಿ ನುಡಿಸಿದ್ದು. ಅದರ ಕೊನೆಯ ಭಾಗದ ಆರಂಭದಲ್ಲಿ ಮೊದಲ ವಯಲಿನ್ ನೋವು ತೋಡಿಕೊಳ್ಳುವಾಗ ಕೆಳಗೆ ಚೆಲ್ಲೊ ಮೀಟುತ್ತದೆ. ಅವರ ಕಿವಿ ಮೊದಲು ಅಲ್ಲಿಗೇ ಹೋಗುತ್ತದೆ ಅಂತ ನನಗೆ ಗೊತ್ತು.