ಟ್ರೇಲರ್ ಡೈರಿ: ಚೈನು ಸರಿಯಾಗಲು ಹಿಡಿದ ಮೂರು ವಾರಾಂತ್ಯ

ಜೂನ್, ಮೊದಲ ಶನಿವಾರ

ಟ್ರೇಲರ್ ಸ್ಯಾನ್ ಹೋಸೆಯ ನಮ್ಮ ಮನೆ ಮುಂದೆ ಬಂದು ನಿಂತಿತು. ಕಾರಿನ ಹಿಂದೆ ಕಟ್ಟಿ ಎಳೆಯುವಂಥದ್ದು, ಸೆಕೆಂಡ್ ಹ್ಯಾಂಡ್, ಇಪ್ಪತ್ತು ಅಡಿ ಉದ್ದ. ಸಾಮಾನು ಸೇರಿ 5,000 ಪೌಂಡ್ ದಾಟಬಾರದು. ಮಾರಿದವರು ಕಟ್ಟಿಕೊಟ್ಟ ಹಾಗೇ ಎಳೆದುಕೊಂಡು ಬಂದಿದ್ದೆ. ಇಳಿದು ಕಪ್ಲರ್ (ಕಾರಿನ ಹಿಂದಿನ ಕಬ್ಬಿಣದ ಗುಂಡು, ಅಂದರೆ ಬಾಲ್, ಅದನ್ನು ಕಚ್ಚಿಕೊಳ್ಳುವ ಟ್ರೇಲರ್‌ನ ಬಾಯಿ) ಕೆಳಗೆ ಬಗ್ಗಿ ನೋಡಿದರೆ ಎದೆ ಝಲ್ ಎಂದಿತು. ಕಪ್ಲರ್ ಕಳಚಿದರೆ ಟ್ರೇಲರನ್ನು ಕಾರಿಗೆ ಹಿಡಿದಿಡಬೇಕಾದ ಎರಡೂ ಸೇಫ್ಟಿ ಚೈನು ದಾರಿಯುದ್ದಕ್ಕೂ ನೆಲಕ್ಕೆ ಉಜ್ಜಿವೆ.

ಒಂದೊಂದೇ ಕೊಂಡಿ ತಿರುಗಿಸಿ ನೋಡಿದೆ. ಮೇಲೆಲ್ಲ ತುಕ್ಕು, ತಳದಲ್ಲಿ ಮಾತ್ರ ಹೊಸ ಸ್ಟೀಲ್ ಲೋಟದ ಹೊಳಪು. ನಾಲ್ಕು ಕೊಂಡಿಗಳು ಸವೆದು ಚಪ್ಪಟೆಯಾಗಿವೆ. ಉಗುರು ಆಡಿಸಿದರೆ ಅಂಚು ಚುಚ್ಚುತ್ತದೆ.

ಕೊಂಡಿ ಸವೆದದ್ದಕ್ಕಿಂತ ಕಿಡಿಯ ಯೋಚನೆಯೇ ನನಗೆ ಜಾಸ್ತಿ ಕಾಡಿತು. ಈ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಗುಡ್ಡಗಳ ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಚೈನು ಎಳೆದಾಡಿಸಬೇಡಿ ಎಂದು ಕ್ಯಾಲ್‌ಫೈರ್‌ನವರು (ರಾಜ್ಯದ ಅಗ್ನಿಶಾಮಕ ಇಲಾಖೆ) ಪ್ರತಿ ಬೇಸಿಗೆಯಲ್ಲೂ ಹೇಳುತ್ತಾರೆ. 2018ರ ಜುಲೈನಲ್ಲಿ ರೆಡ್ಡಿಂಗ್ ಹತ್ತಿರ ಒಂದು ಟ್ರೇಲರ್‌ನ ಟೈರ್ ಪಂಕ್ಚರ್ ಆಗಿ, ರಿಮ್ ರಸ್ತೆಗೆ ಉಜ್ಜಿ ಕಿಡಿ ಹಾರಿತ್ತು. ಆ ಬೆಂಕಿಗೆ ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ನನ್ನ ಚೈನಿನಿಂದ ಅಂಥದ್ದೇನೂ ಆಗಲಿಲ್ಲವಲ್ಲ, ಸದ್ಯ.

ಎರಡನೇ ಶನಿವಾರ

ಹಳೇ ಚೈನು ಬಿಚ್ಚಿದೆ. ಕಾಲಿಂಚು ದಪ್ಪ, ಗ್ರೇಡ್ 30 (ಗ್ರೇಡ್ ಅಂದರೆ ಚೈನಿನ ಗಟ್ಟಿತನದ ದರ್ಜೆ, ಸಂಖ್ಯೆ ಹೆಚ್ಚಾದಷ್ಟೂ ಗಟ್ಟಿ). ಒಂದೊಂದು ಚೈನೂ ಟ್ರೇಲರ್‌ನ ಪೂರ್ತಿ ಭಾರ ತಡೆಯಬೇಕು. ಹೊಸತಾಗಿದ್ದಾಗ ಇದು 5,200 ಪೌಂಡ್‌ವರೆಗೆ ತಡೆಯುತ್ತಿತ್ತು, ಸವೆದ ಮೇಲೆ ಅದನ್ನು ನಂಬೋದು ಹೇಗೆ? ಈಗ ತಂದಿರುವುದು 5/16 ಇಂಚಿನ ಗ್ರೇಡ್ 43. ಇದು ತುಂಡಾಗಲು 11,700 ಪೌಂಡ್ ಬೇಕು. ಹುಕ್ಕುಗಳನ್ನೂ ಅದೇ ಗ್ರೇಡಿನದೇ ತಂದೆ, ಬಾಯಿಗೆ ಸ್ಪ್ರಿಂಗ್ ಲ್ಯಾಚ್ ಇರುವಂಥವು. ಚೈನು ಎಷ್ಟೇ ಗಟ್ಟಿ ಇದ್ದರೂ ಹುಕ್ಕು ಬಾಯಿ ಬಿಟ್ಟರೆ ಏನು ಬಂತು?

ಮೂಕಿಯ ಕೆಳಗಿನ ಬೋಲ್ಟನ್ನೂ ಹೊಸದು ಹಾಕಿದೆ. (ಟ್ರೇಲರ್‌ನ ಮುಂದಿನ ಕಬ್ಬಿಣದ ಮೂತಿಗೆ ಇಲ್ಲಿ ಟಂಗ್ ಅನ್ನುತ್ತಾರೆ. ಎತ್ತಿನ ಗಾಡಿ ನೋಡಿ ಬೆಳೆದ ನನಗೆ ಅದು ಮೂಕಿಯೇ.)

ಭಾನುವಾರ

ಉದ್ದ ಸರಿಮಾಡುವುದಕ್ಕೇ ಇಡೀ ದಿನ ಹೋಯಿತು. ತಿರುಗುವುದಕ್ಕೆ ಬೇಕಾದಷ್ಟೇ ಸಡಿಲ ಇರಬೇಕು, ಅದಕ್ಕಿಂತ ಹೆಚ್ಚು ಬೇಡ ಅನ್ನುತ್ತದೆ ಇಲ್ಲಿನ ಕಾನೂನು. ಆ 'ಬೇಕಾದಷ್ಟು' ಎಷ್ಟು ಅನ್ನೋದು ತಿರುಗಿಸಿ ನೋಡದೆ ಗೊತ್ತಾಗುವುದಿಲ್ಲ. ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋದೆವು. ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಮುಂದೆ ಬಂದೆ. ಹೆಂಡತಿ ದೂರದಲ್ಲಿ ನಿಂತು ನೋಡುತ್ತಿದ್ದಳು.

"ನಿಲ್ಸಿ, ನಿಲ್ಸಿ! ಒಂದು ಕಡೇದು ಬಿಗಿ ಆಯ್ತು ರೀ!"

ಒಂದು ಕೊಂಡಿ ಬಿಟ್ಟೆವು. ಮತ್ತೆ ತಿರುಗಿಸಿದೆ. ಆ ಕಡೆ, ಈ ಕಡೆ. ಕೊನೆಗೆ ಎಷ್ಟು ತಿರುಗಿಸಿದರೂ ಬಿಗಿಯಾಗಲಿಲ್ಲ, ನೇರ ನಿಂತಾಗ ನೆಲಕ್ಕೆ ಒಂದು ಗೇಣು ಅಂತರವೂ ಉಳಿಯಿತು. ಉದ್ದ ಜಾಸ್ತಿಯಾದರೆ ಕೆಲವರು ಚೈನನ್ನು ಹುರಿ ಹಾಕಿದ ಹಾಗೆ ತಿರುಚಿ ಗಿಡ್ಡ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿರುಚಿದ ಕೊಂಡಿಗಳ ಮೇಲೆ ಭಾರ ಓರೆಯಾಗಿ ಬೀಳುತ್ತದೆ. ನಾನು ಹುಕ್ಕಿನ ಪಿನ್ ತೆಗೆದು, ಬೇಕಾದ ಕೊಂಡಿಗೆ ಸಿಕ್ಕಿಸಿ, ಮಿಕ್ಕಿದ್ದನ್ನು ಕತ್ತರಿಸಿದೆ.

ಮೂರನೇ ಶನಿವಾರ

ತೊಟ್ಟಿಲು ಪರೀಕ್ಷೆ. ಎಡಗಡೆ ಚೈನು ಕಾರಿನ ಬಲಗಡೆ ಬಳೆಗೆ, ಬಲಗಡೆಯದು ಎಡಕ್ಕೆ. ಹೀಗೆ ಕತ್ತರಿಯಾಕಾರದಲ್ಲಿ ಅಡ್ಡಡ್ಡ ಹಾಕಿದರೆ ಮೂಕಿಯ ಕೆಳಗೆ ತೊಟ್ಟಿಲಿನ ಹಾಗಾಗುತ್ತದೆ. ಬಾಲ್‌ನಿಂದ ಕಪ್ಲರ್ ಕಳಚಿದರೂ ಮೂಕಿ ಅದರಲ್ಲೇ ಕೂರಬೇಕು, ರಸ್ತೆಗೆ ನೆಟ್ಟುಕೊಳ್ಳಬಾರದು.

ಸುಮ್ನೆ ನಂಬೋದು ಬೇಡ ಅನಿಸಿತು. ಟ್ರೇಲರ್ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಟ್ಟು, ಕಾರಿಗೆ ಹ್ಯಾಂಡ್‌ಬ್ರೇಕ್ ಹಾಕಿದೆ. ಜ್ಯಾಕಿನಿಂದ ಕಪ್ಲರ್ ಮೇಲೆತ್ತಿ, ಬಾಲ್ ಬಿಡಿಸಿ, ಕೈಕಾಲು ದೂರ ಇಟ್ಟುಕೊಂಡು ಇಂಚಿಂಚಾಗಿ ಇಳಿಸಿದೆ. ಚೈನು ಕಿರ್ ಎಂದು ಎಳೆದುಕೊಂಡು ಬಿಗಿಯಾಯಿತು. ಮೂಕಿ ಕತ್ತರಿಯ ಮೇಲೆ ಕೂತಿತು. ಕೆಳಗೆ ಕೈ ಅಳತೆಯಲ್ಲಿ ನಾಲ್ಕು ಬೆರಳು ಜಾಗ ಮಿಕ್ಕಿತ್ತು. ಎಷ್ಟು ಖುಷಿಯಾಯಿತು ಅಂದರೆ, ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ.

ಬ್ರೇಕ್‌ಅವೇ ಕೇಬಲ್ಲನ್ನು ಚೈನಿನ ಹುಕ್ಕಿಗೇ ಸಿಕ್ಕಿಸಿದ್ದರು. ಅದನ್ನು ಬಿಡಿಸಿ ಕಾರಿಗೇ ಬೇರೆ ಜಾಗದಲ್ಲಿ ಕಟ್ಟಿದೆ. ಚೈನೂ ಕೈಕೊಟ್ಟಾಗ ಟ್ರೇಲರ್‌ಗೆ ಬ್ರೇಕ್ ಹಾಕಿಸುವ ಕೇಬಲ್ ಅದು. ಎರಡೂ ಒಂದೇ ಹುಕ್ಕನ್ನು ನೆಚ್ಚಿಕೊಂಡರೆ ಆಗುತ್ತಾ?

ಭಾನುವಾರ

ಹೊರಟೆವು. ಹಾಲಿಸ್ಟರ್ ದಾಟಿ 25ನೇ ಹೈವೇಯಲ್ಲಿ ಪಿನ್ನಕಲ್ಸ್ ನ್ಯಾಷನಲ್ ಪಾರ್ಕ್‌ಗೆ. ಟ್ರೇಲರ್ ಎಳೆಯುವವರಿಗೆ ಇಲ್ಲಿ ಗಂಟೆಗೆ 55 ಮೈಲಿಯೇ ಮಿತಿ, ಹಾಗಾಗಿ ಅವಸರವಿಲ್ಲ. ಹಾಲಿಸ್ಟರ್‌ನ ಪೆಟ್ರೋಲ್ ಬಂಕಿನಲ್ಲಿ ಇಳಿದು ಎರಡೂ ಲ್ಯಾಚ್ ಒತ್ತಿ ನೋಡಿದೆ. ಕ್ಯಾಂಪ್ ತಲುಪಿದ ಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ, ಎಲ್ಲ ಕೊಂಡಿಗಳ ತಳ ಸವರಿದೆ. ಧೂಳು ಮೆತ್ತಿತ್ತು ಅಷ್ಟೇ. ಒಂದು ಗೀರೂ ಇರಲಿಲ್ಲ.