ಏರುವ ಮೆಟ್ಟಿಲು ಮಾತ್ರ, ಸಂಜೆ 5ರಿಂದ 9

ಕಲಬುರಗಿ, 28 ಏಪ್ರಿಲ್ 2024, ಭಾನುವಾರ

ಮಧ್ಯಾಹ್ನ 2 ಗಂಟೆ. ಹೊರಗೆ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುವಂಥ ಬಿಸಿಲು. ರಿಂಗ್ ರಸ್ತೆ ಬದಿಯ ಮಾಲಿನ ನೆಲಮಹಡಿಯಲ್ಲಿ 14 ಶಟರ್‌ಗಳಿವೆ, ತೆರೆದಿರುವುದು 5. ಮೊಬೈಲ್ ಕವರಿನದೊಂದು, ಮಕ್ಕಳ ಬಟ್ಟೆಯದೊಂದು, ಕನ್ನಡಕದ ಅಂಗಡಿ, ಫೋಟೊ ಸ್ಟುಡಿಯೊ, ಐಸ್‌ಕ್ರೀಂ. ಇಳಿಯುವ ಎಸ್ಕಲೇಟರಿಗೆ ಅಡ್ಡ ಹಗ್ಗ ಕಟ್ಟಿದೆ. ಏರುವುದು ಸಂಜೆ 5ರಿಂದ 9ರವರೆಗೆ ಮಾತ್ರ ಎಂದು ಹಲಗೆ ಹಾಕಿದ್ದಾರೆ. ಆದರೂ ನಡುವಿನ ಅಂಗಳದ ಗ್ರಾನೈಟ್ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕುಳಿತಿದ್ದಾರೆ. ಬಸ್ಸಿಗೆ ಹೊತ್ತಿದೆ ಎಂದು ಬಂದ ಹೆಂಗಸರು, ಪರೀಕ್ಷೆಗೆ ಓದುವ ಹುಡುಗರು, ಪೇಪರ್ ಹಾಸಿಕೊಂಡು ಒರಗಿದ ಒಬ್ಬ ಅಜ್ಜ. ಯಾರೂ ಏನನ್ನೂ ಕೊಳ್ಳಲು ಬಂದವರಲ್ಲ.

ಕೊಳ್ಳದವರಿಗಾಗಿಯೂ ತೆರೆದಿದ್ದ ಬಾಗಿಲು ಇದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಅಲ್ಲಿಂದ ಐದರವರೆಗೆ ಊರಿಗೆ ಊರೇ ನೆರಳು ಹುಡುಕುತ್ತದೆ. ಸೂಪರ್ ಮಾರ್ಕೆಟ್, ಕಪಡಾ ಬಜಾರ ಎಂಬ ನಮ್ಮ ಊರಿನ ಪೇಟೆಗಳಲ್ಲಿ ಸಿಗದ ಸಾಮಾನಿಲ್ಲ. ಸಿಗದೆ ಇದ್ದದ್ದು ಕುಳಿತುಕೊಳ್ಳಲು ತಂಪು ಜಾಗ ಮತ್ತು ಹೆಂಗಸರು ಧೈರ್ಯವಾಗಿ ಹೋಗಬಹುದಾದ ಸ್ವಚ್ಛ ಶೌಚಾಲಯ. ಈ ಮಾಲ್ ಅವೆರಡನ್ನೂ ಕೊಟ್ಟಿತು, ಅದೂ ಪುಕ್ಕಟೆಯಾಗಿ. ಬ್ರ್ಯಾಂಡುಗಳ ಹೆಸರು ಜನ ಮರೆತಾರು, ಆ ಎರಡನ್ನು ಮರೆಯಲಾರರು.

ಹೊಸದರಲ್ಲಿ ಜನರನ್ನು ಎಳೆದದ್ದು ಎಸ್ಕಲೇಟರ್. ಶರಣಬಸವೇಶ್ವರ ಜಾತ್ರೆಗೆಂದು ಹಳ್ಳಿಯಿಂದ ಬಂದವರು ತೇರು ನೋಡಿ, ಪಳಾರ ಕಟ್ಟಿಸಿಕೊಂಡು, ‘ತಾನ ಹೋಗೋ ಮೆಟ್ಲ’ ನೋಡಲು ಇಲ್ಲಿಗೂ ಬರುತ್ತಿದ್ದರು. ಕೆಳಗೊಬ್ಬ ಗಾರ್ಡ್, ಮೇಲೊಬ್ಬ. ಕೆಳಗಿನವನ ಕೆಲಸ ಮುದುಕಿಯರ ಮುಂಗೈ ಹಿಡಿದು ‘ಈಗ ಇಡ್ರಿ ಕಾಲ’ ಎನ್ನುವುದು. ಮೇಲಿನವನದು, ಇಳಿದವರು ಅಲ್ಲೇ ನಿಂತು ಹಿಂತಿರುಗಿ ನೋಡದಂತೆ ನಾಲ್ಕು ಹೆಜ್ಜೆ ಮುಂದೆ ಸರಿಸುವುದು. ಈ ಎರಡನೆಯದೇ ದೊಡ್ಡ ಕೆಲಸ. ಮೇಲೆ ಒಬ್ಬರು ನಿಂತುಬಿಟ್ಟರೆ ಹಿಂದಿನವರನ್ನೆಲ್ಲ ಮೆಟ್ಟಿಲು ತಂದು ತಂದು ಅವರ ಮೈಮೇಲೆ ಒಗೆಯುತ್ತದೆ. ಮಹಡಿಯ ಎತ್ತರ 5 ಮೀಟರ್, ಇಳಿಜಾರು 30 ಡಿಗ್ರಿ, ಹಾಗಾಗಿ ಓರೆಯ ಉದ್ದ 10 ಮೀಟರ್. ವೇಗ ಸೆಕೆಂಡಿಗೆ ಅರ್ಧ ಮೀಟರ್. ಇಡೀ ಪಯಣ 20 ಸೆಕೆಂಡಿನದು. ಆ 20 ಸೆಕೆಂಡಿಗಾಗಿ ಮಕ್ಕಳು ಹತ್ತು ಸಲ ಮೆಟ್ಟಿಲಲ್ಲಿ ಇಳಿದು ಬಂದು ಮತ್ತೆ ಹತ್ತುತ್ತಿದ್ದರು.

ಸೀರೆಯ ಅಂಚು ಸಿಕ್ಕುವುದು ಎರಡೇ ಕಡೆ. ಒಂದು, ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿ. ಅದು ಒಂದೊಂದು ಬದಿಗೆ 4 ಮಿಲಿಮೀಟರ್ ಮೀರಬಾರದು. ಇನ್ನೊಂದು, ಕೊನೆಯಲ್ಲಿ ಮೆಟ್ಟಿಲು ನೆಲದೊಳಗೆ ಹೋಗುವ ಜಾಗದ ಬಾಚಣಿಗೆ ಪಟ್ಟಿ. ಒತ್ತೊತ್ತಿಗೆ ಎರಡು ಹಲ್ಲು ಮುರಿದಿದ್ದರೆ ಮೆಷಿನ್ ನಿಲ್ಲಿಸಿ ಆ ತುಂಡು ಬದಲಿಸಲೇಬೇಕು. ಮೆತ್ತನೆಯ ರಬ್ಬರ್ ಚಪ್ಪಲಿ ಸೀರೆಗಿಂತ ಅಪಾಯ, ಏಕೆಂದರೆ ಅದು ಹರಿಯುವುದಿಲ್ಲ, ಕಾಲಿನ ಬೆರಳಿನ ಸಮೇತ ಒಳಗೆ ಎಳೆಯುತ್ತದೆ. ಸಿಕ್ಕಿದಾಗ ಜಗ್ಗಬಾರದು. ಮೇಲೂ ಕೆಳಗೂ ಕೈಪಟ್ಟಿಯ ತುದಿಯ ಹತ್ತಿರ ಇರುವ ಕೆಂಪು ಗುಂಡಿ ಒತ್ತಬೇಕು. ಆ ಗುಂಡಿ ಎಲ್ಲಿದೆ ಎಂದು ಅಂಗಡಿಯವರಿಗೆಲ್ಲ ತೋರಿಸಿಕೊಟ್ಟಿದ್ದ ಕಾಲ ಒಂದಿತ್ತು.

ಮಾಲ್ ಸೊರಗುವಾಗ ಮೊದಲು ನಿಲ್ಲುವುದು ಇಳಿಯುವ ಎಸ್ಕಲೇಟರ್. ಕರೆಂಟ್ ಉಳಿಸಲು ಎನ್ನುತ್ತಾರೆ. ಆ ಲೆಕ್ಕದಲ್ಲಿ ಹುರುಳು ಕಡಿಮೆ: ಜನ ತುಂಬಿ ಇಳಿಯುವಾಗ ಅವರ ತೂಕವೇ ಮೆಟ್ಟಿಲನ್ನು ಎಳೆಯುತ್ತದೆ, ಮೋಟರಿಗೆ ಭಾರ ಬೀಳುವುದು ಏರುವಾಗ. ನಿಜವಾದ ಕಾರಣ ಬಿಡಿಭಾಗ. ಏರುವ ಮೆಷಿನ್ನಿನ ರೋಲರ್ (ಮೆಟ್ಟಿಲ ಕೆಳಗಿನ ಗಾಲಿ) ಸವೆದರೆ ಇಳಿಯುವುದರಿಂದ ಬಿಚ್ಚಿ ಹಾಕುತ್ತಾರೆ, ಬಾಚಣಿಗೆಯ ತುಂಡೂ ಅಲ್ಲಿಂದಲೇ. ಒಮ್ಮೆ ಹೀಗೆ ಬಿಚ್ಚಲು ಶುರುವಾಯಿತೆಂದರೆ ಅದು ಮತ್ತೆ ಓಡುವುದಿಲ್ಲ. ಬಿಚ್ಚದೆ ಹಾಗೇ ಬಿಟ್ಟರೂ ಕೆಡುತ್ತದೆ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತ ಪಾಲಿಯುರೆಥೇನ್ ರೋಲರ್ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಮತ್ತೆ ಓಡಿಸಿದಾಗ ಟಕ್ ಟಕ್ ಸದ್ದು ಅದರದೇ. ನಮ್ಮ ಎರೆಮಣ್ಣಿನ ಧೂಳು ಸರಪಳಿಯ ಎಣ್ಣೆಗೆ ಸೇರಿದರೆ ಅರ ಹಾಕಿ ಉಜ್ಜಿದಂತೆ ಪಿನ್ನು ಸವೆಯುತ್ತದೆ. ಹಾಗೆಂದು ಎಣ್ಣೆ ಸುರಿಯುವುದೂ ತಪ್ಪು. ಹೆಚ್ಚಾದದ್ದು ಕೆಳಗಿನ ತಟ್ಟೆಗೆ ತೊಟ್ಟಿಕ್ಕಿ, ಬಟ್ಟೆಯ ನೂಲು, ಕಾಗದದ ಚೂರಿನ ಜೊತೆ ಸೇರಿ ಬೆಂಕಿಗೆ ಬತ್ತಿಯಾಗುತ್ತದೆ. ತಟ್ಟೆ ಒರೆಸುವುದು ಎಣ್ಣೆ ಹಾಕುವಷ್ಟೇ ಮುಖ್ಯ ಕೆಲಸ. ನಿಂತ ಎಸ್ಕಲೇಟರನ್ನು ಮೆಟ್ಟಿಲಾಗಿ ಬಳಸಲು ಬಿಡದೆ ಹಗ್ಗ ಕಟ್ಟಿದ್ದು ಸರಿಯಾಗಿದೆ. ಮನೆಯ ಮೆಟ್ಟಿಲು 15 ಸೆಂಟಿಮೀಟರ್ ಎತ್ತರ, ಇದರದು 20ರ ಹತ್ತಿರ. ಮೇಲೂ ಕೆಳಗೂ ಮೊದಲ ಮೂರು ಮೆಟ್ಟಿಲು ಒಂದಕ್ಕೊಂದು ಸಮವಿಲ್ಲ, ಎಡವುವುದು ಅಲ್ಲೇ.

ತಲೆ ಎತ್ತಿದರೆ ಪಾಲಿಕಾರ್ಬನೇಟ್ ಎಂಬ ಬೆಳಕು ಬಿಡುವ ಪ್ಲಾಸ್ಟಿಕ್ ಹಾಳೆಯ ಛಾವಣಿ. ಶುರುವಿನಲ್ಲಿ ಹಾಲಿನ ಬಿಳಿ ಇತ್ತು, ಈಗ ಅರಿಶಿನ ಕದಡಿದ ಬಣ್ಣ. ಈ ಹಾಳೆಗೆ ನೇರಳಾತೀತ ಕಿರಣ ತಡೆಯುವ ಲೇಪ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇರುತ್ತದೆ. ಮೇಲ್ಮುಖ ಯಾವುದೆಂದು ರಕ್ಷಣೆಯ ಪ್ಲಾಸ್ಟಿಕ್ ಪೊರೆಯ ಮೇಲೆ ಅಚ್ಚು ಹಾಕಿರುತ್ತಾರೆ. ಪೊರೆ ಕಿತ್ತ ಮೇಲೆ ಹಾಳೆ ಮಗುಚಿ ಹಾಕಿದರೆ ಕೆಲವೇ ಬೇಸಿಗೆಯಲ್ಲಿ ಹಳದಿಯಾಗಿ ಸೆಟೆದು ಬಿರಿಯುತ್ತದೆ. ಇಲ್ಲಿ ಅಕ್ಕಪಕ್ಕದ ಹಾಳೆಗಳ ಬಣ್ಣ ಬೇರೆ ಬೇರೆ, ನೋಡಿದರೆ ಗೊತ್ತಾಗುತ್ತದೆ ಯಾವುದು ಮಗುಚಿ ಬಿದ್ದದ್ದೆಂದು. ಸೋರಿಕೆಯ ಮೂಲವೂ ಅಲ್ಲೇ. ಪಾಲಿಕಾರ್ಬನೇಟ್ ಮೀಟರಿಗೆ, ಒಂದೊಂದು ಡಿಗ್ರಿಗೆ 0.065 ಮಿಲಿಮೀಟರ್ ಹಿಗ್ಗುತ್ತದೆ. ಚಳಿಗಾಲದ ಬೆಳಗಿನಿಂದ ಮೇ ತಿಂಗಳ ಮಧ್ಯಾಹ್ನಕ್ಕೆ ಹಾಳೆಯ ಮೈಕಾವು 40 ಡಿಗ್ರಿ ಏರಿದರೂ 3 ಮೀಟರ್ ಹಾಳೆ ಸುಮಾರು 8 ಮಿಲಿಮೀಟರ್ ಉದ್ದವಾಗುತ್ತದೆ. ಸ್ಕ್ರೂವಿನ ಅಳತೆಗೇ ತೂತು ಕೊರೆದರೆ ಅದು ಹಿಗ್ಗಲು ಜಾಗವಿಲ್ಲದೆ ತೂತಿನ ಸುತ್ತ ಸೀಳುತ್ತದೆ. ತೂತು ಅಗಲವಿರಬೇಕು, ಮೇಲೆ ದೊಡ್ಡ ರಬ್ಬರ್ ವಾಷರ್ ಇರಬೇಕು, ಸ್ಕ್ರೂ ಬಿಗಿದು ವಾಷರ್ ಉಬ್ಬುವಂತೆ ಮಾಡಬಾರದು. ಸೀಳಿದ ಮೇಲೆ ಸಿಲಿಕಾನ್ ಬಳಿಯುತ್ತಾ ಹೋದರು. ಒಂದು ಮಳೆಗಾಲ ತಡೆಯಿತು, ಎರಡನೆಯದಕ್ಕೆ ಸಿಪ್ಪೆ ಎದ್ದಿತು. ನೆಲದ ಮೇಲೆ ಸಾಲಾಗಿ ಇಟ್ಟ ಪೇಂಟ್ ಡಬ್ಬಿಗಳು ಆ ಕಾಲದವು.

ತಂಪಿನ ವಿಷಯಕ್ಕೆ ಬರಬೇಕು, ಏಕೆಂದರೆ ಈ ಕಟ್ಟಡವನ್ನು ಮುಳುಗಿಸಿದ್ದರಲ್ಲಿ ಅದರ ಪಾಲು ದೊಡ್ಡದು. ನಾಲ್ಕೂ ಕಡೆ ಮುಚ್ಚಿ, ಒಳಗೆ ಒಂದೇ ಹವೆ ಇಡುವ ಮಾಲ್ ಹುಟ್ಟಿದ್ದು ಅಮೆರಿಕದ ಮಿನೆಸೋಟ ರಾಜ್ಯದ ಈಡೈನಾದಲ್ಲಿ, 1956ರಲ್ಲಿ. ಸೌತ್‌ಡೇಲ್ ಎಂದು ಹೆಸರು, ವಿನ್ಯಾಸ ವಿಯೆನ್ನಾದಿಂದ ಹೋದ ವಿಕ್ಟರ್ ಗ್ರೂಯೆನ್ ಅವರದು. ಹಿಮ ಬೀಳುವ ಊರಿನಲ್ಲಿ ಚಳಿಯಿಂದ ಕಾಪಾಡುವ ಪೆಟ್ಟಿಗೆ. ಸುತ್ತ ಮನೆ, ಶಾಲೆ, ಆಸ್ಪತ್ರೆ ಬರಬೇಕೆಂದು ಅವರ ಮನಸ್ಸಿನಲ್ಲಿತ್ತು; ಬಂದದ್ದು ಪಾರ್ಕಿಂಗ್. ಕೊನೆಗೆ ಅವರೇ ಈ ಮಾಲ್‌ಗಳನ್ನು ತಮ್ಮದಲ್ಲ ಎಂದರು. ಬೆಂಗಳೂರಿನಲ್ಲಿ 2004ರಲ್ಲಿ ಕೋರಮಂಗಲದ ಫೋರಂ ಮಾಲ್ ಬಂದ ಮೇಲೆ ರಾಜ್ಯದ ಊರೂರಿನಲ್ಲೂ ಅದರ ಆಸೆ ಹುಟ್ಟಿತು. ಬೆಂಗಳೂರಿನ ಹವೆಗೆ ನಡೆದದ್ದು ಕಲಬುರಗಿಯ ಬಿಸಿಲಿಗೆ ನಡೆಯಬೇಕಿತ್ತು.

ಇಲ್ಲಿನ ಚಿಲ್ಲರ್, ಅಂದರೆ ಇಡೀ ಕಟ್ಟಡದ ಎಸಿಗೆ ನೀರು ತಣ್ಣಗೆ ಮಾಡಿಕೊಡುವ ಮೆಷಿನ್, 200 ಟನ್ನಿನದು. 1 ಟನ್ ಎಂದರೆ 3.5 ಕಿಲೋವಾಟ್ ಶಾಖವನ್ನು ಹೊರಗೆಳೆಯುವ ಶಕ್ತಿ. ಎಳೆದ ಶಾಖ ಟೆರೇಸಿನ ಕೂಲಿಂಗ್ ಟವರಿನಲ್ಲಿ ನೀರು ಆವಿಯಾಗಿ ಹೋಗಬೇಕು: ಟನ್ನಿಗೆ ಗಂಟೆಗೆ 6ರಿಂದ 7 ಲೀಟರ್. ಪೂರ್ತಿ ಓಡಿದರೆ 10 ಗಂಟೆಗೆ 12ರಿಂದ 14 ಸಾವಿರ ಲೀಟರ್ ಬರೀ ಆವಿ. ಜೊತೆಗೆ ಉಪ್ಪು ಗಟ್ಟಿಯಾಗದಂತೆ ಆಗಾಗ ಹೊರಬಿಡುವ ನೀರು ಬೇರೆ. ಅಂದರೆ ಬೇಸಿಗೆಯಲ್ಲಿ ದಿನಕ್ಕೆ 5,000 ಲೀಟರಿನ ಟ್ಯಾಂಕರ್ ಮೂರಕ್ಕಿಂತ ಹೆಚ್ಚು, ಊರಿಗೆ ಕುಡಿಯುವ ನೀರಿಗೇ ತತ್ವಾರ ಇರುವ ತಿಂಗಳಲ್ಲಿ. ನೀರು ಉಳಿಸಲೆಂದು ಆ ಹೊರಬಿಡುವುದನ್ನು ನಿಲ್ಲಿಸಿದರು. ಬೋರಿನ ಗಡಸು ನೀರು. ಸುಣ್ಣ ಕಂಡೆನ್ಸರಿನ (ಚಿಲ್ಲರ್ ತನ್ನ ಶಾಖವನ್ನು ನೀರಿಗೆ ಬಿಡುವ ಭಾಗ) ತಾಮ್ರದ ಕೊಳವೆಗಳಲ್ಲಿ ಚಕ್ಕೆಯಾಗಿ ಕೂತಿತು, ಶಾಖ ದಾಟಲಿಲ್ಲ, ಒತ್ತಡ ಏರಿ ಮಧ್ಯಾಹ್ನ 3ಕ್ಕೆ, ಬೇಕಾದ ಹೊತ್ತಿಗೇ, ಮೆಷಿನ್ ಟ್ರಿಪ್. ಇಂಥಲ್ಲಿ ವರ್ಷಕ್ಕೊಮ್ಮೆ ಮಾರ್ಚ್ ಒಳಗೆ ಕೊಳವೆಗಳನ್ನು ಬ್ರಷ್ ಹಾಕಿ ಉಜ್ಜಬೇಕು, ಮೃದುಗೊಳಿಸಿದ ನೀರನ್ನೇ ಬಿಡಬೇಕು. ಅದನ್ನು ಮುಂದೂಡಿದ ವರ್ಷವೇ ‘ಒಳಗ ಭಾಳ ಸೆಕಿ ಆಗ್ತದ’ ಎಂದು ಗಿರಾಕಿ ಹಿಂದೆ ಸರಿದದ್ದು.

ಮಾಲ್ ಕೆಟ್ಟದ್ದು ಆನ್‌ಲೈನ್ ಬಂದು ಎನ್ನುವುದು ಅರ್ಧ ಮಾತು. ಆನ್‌ಲೈನ್ ಸೂಪರ್ ಮಾರ್ಕೆಟಿಗೂ ಬಂದಿದೆ, ಅಲ್ಲಿ ಸಂಜೆ ಕಾಲಿಡಲು ಜಾಗವಿಲ್ಲ. ಇಲ್ಲಿನ ಮೂಲ ದೋಷ, ಕಟ್ಟುವ ಮೊದಲೇ ಅಂಗಡಿಗಳನ್ನು ಒಂದೊಂದಾಗಿ ಮಾರಿದ್ದು. ಒಂದೇ ಮಾಲೀಕನಿದ್ದರೆ ಯಾವ ಅಂಗಡಿಯ ಪಕ್ಕ ಯಾವುದು, ಸಿನಿಮಾ ಮುಗಿಸಿ ಬರುವವರ ದಾರಿಯಲ್ಲಿ ಏನಿರಬೇಕು ಎಂದು ಯೋಚಿಸುತ್ತಾನೆ, ದೊಡ್ಡ ಮಳಿಗೆಗೆ ಬಾಡಿಗೆ ಇಳಿಸಿಯಾದರೂ ಹಿಡಿದಿಡುತ್ತಾನೆ. ನೂರು ಮಾಲೀಕರಿದ್ದರೆ ಅದು ಯಾರ ಕೆಲಸವೂ ಅಲ್ಲ. ಕೊಂಡವರೂ ಮೋಸ ಹೋದರು: ಕಾಗದದಲ್ಲಿ 500 ಚದರಡಿ ಎಂದರೆ ಒಳಗೆ ಫರ್ಸಿ ಅಳೆದಾಗ 280-300. ಉಳಿದದ್ದು ಓಣಿ, ಮೆಟ್ಟಿಲು, ಲಿಫ್ಟಿನ ಪಾಲು. ಆಮೇಲೆ ನಿರ್ವಹಣಾ ವೆಚ್ಚ. ಉದಾಹರಣೆಗೆ ತಿಂಗಳ ಖರ್ಚು 6 ಲಕ್ಷ, ಅಂಗಡಿ 60 ಇದ್ದರೆ ತಲಾ 10,000. ಇಪ್ಪತ್ತು ಮುಚ್ಚಿದರೆ ಉಳಿದ 40ಕ್ಕೆ ತಲಾ 15,000, ಮೇಲೆ ಶೇ. 18 ಜಿಎಸ್‌ಟಿ. ಬಾಡಿಗೆ ಇಳಿಸಬಹುದು, ಇದನ್ನು ಇಳಿಸಲಾಗದು. ಹೀಗಾಗಿ ಒಳ್ಳೆಯ ವ್ಯಾಪಾರದವರೇ ಮೊದಲು ಖಾಲಿ ಮಾಡುತ್ತಾರೆ, ಅವರಿಗೆ ಬೇರೆ ಕಡೆ ಜಾಗ ಸಿಗುತ್ತದೆ. ಕರೆಂಟಿನದೂ ಇದೇ ಹಣೆಬರಹ. ಹೈಟೆನ್ಷನ್ ಸಂಪರ್ಕದಲ್ಲಿ ಒಪ್ಪಂದದ ಬೇಡಿಕೆಯ, ಅಂದರೆ ಇಷ್ಟು ಲೋಡ್ ಬೇಕೆಂದು ಮೊದಲೇ ಬರೆದುಕೊಟ್ಟದ್ದರ, ದೊಡ್ಡ ಪಾಲಿಗೆ ಬಳಸದಿದ್ದರೂ ಹಣ ಕಟ್ಟಬೇಕು. ಲೋಡ್ ಕಡಿಮೆಯಾದರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಖಾಲಿ ಗುನುಗುತ್ತಾ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.90ಕ್ಕಿಂತ ಕೆಳಗಿಳಿದು ದಂಡ ಬೀಳುತ್ತದೆ. ಒಪ್ಪಂದದ ಬೇಡಿಕೆ ಇಳಿಸಿಕೊಳ್ಳಲು ಅರ್ಜಿ ಕೊಟ್ಟರೆ ಆಗುವ ಕೆಲಸ. ಆದರೆ ಅರ್ಜಿಗೆ ಸಹಿ ಹಾಕಲು ಅಂಗಡಿ ಮಾಲೀಕರ ಸಂಘದ ಸಭೆಗೆ ಕೋರಂ ಕೂಡಬೇಕಲ್ಲ.

2020ರ ಮಾರ್ಚ್ ಎರಡನೇ ವಾರದಿಂದ ಜೂನ್ 8ರವರೆಗೆ ಬಾಗಿಲು ಮುಚ್ಚಿದ್ದು, ಅದೂ ಸರಿಯಾಗಿ ನಮ್ಮ ಬೇಸಿಗೆ. ತೆರೆದ ದಿನ ಮೊದಲು ಮೂಗಿಗೆ ಬಡಿದದ್ದು ಗಟಾರದ ವಾಸನೆ. ನೆಲದ ಜಾಲರಿಯ ಕೆಳಗಿನ ಬಾಗಿದ ಕೊಳವೆಯಲ್ಲಿ 50 ಮಿಲಿಮೀಟರಿನಷ್ಟು ನೀರು ನಿಂತು ಗಾಳಿಯನ್ನು ತಡೆಯುತ್ತದೆ. ಬಳಸದಿದ್ದರೆ ಈ ಧಗೆಯಲ್ಲಿ ಕೆಲವೇ ವಾರಕ್ಕೆ ಅದು ಆರಿಹೋಗುತ್ತದೆ. ಮುಚ್ಚಿದ ಮಹಡಿಯ ಪ್ರತಿ ಜಾಲರಿಗೆ ವಾರಕ್ಕೊಮ್ಮೆ ಎರಡು ತಂಬಿಗೆ ನೀರು ಹಾಕಿ, ಮೇಲೊಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆವಿಯಾಗುವುದು ನಿಧಾನ. ಇಷ್ಟಕ್ಕೆ ಖರ್ಚೇನೂ ಇಲ್ಲ. ಇದನ್ನು ಮಾಡದ ಕಾರಣಕ್ಕೆ ಎರಡನೇ ಮಹಡಿಯ ಶೌಚಾಲಯಕ್ಕೆ ಬೀಗ ಬಿತ್ತು, ಅದು ಬಿದ್ದ ಮೇಲೆ ಹೆಂಗಸರು ಬರುವುದು ಕಡಿಮೆಯಾಯಿತು.

ಇನ್ನೂ ಮಾಡಬಹುದಾದದ್ದು ಇದೆ. ಚಿಲ್ಲರ್ ಮರೆತುಬಿಡಿ. 42 ಡಿಗ್ರಿ ಬಿಸಿಲು, ತೇವಾಂಶ ಶೇ. 20 ಇರುವ ಮಧ್ಯಾಹ್ನ ಒದ್ದೆ ಬಲ್ಬಿನ ತಾಪ, ಅಂದರೆ ನೀರು ಆವಿಯಾಗಿ ಗಾಳಿ ತಣಿಯಬಹುದಾದ ಕೊನೆಯ ಮಿತಿ, 24ರ ಆಸುಪಾಸು; ಒಳ್ಳೆಯ ಜೇನುಗೂಡು ಪ್ಯಾಡಿನ ದೊಡ್ಡ ಕೂಲರ್ ಗಾಳಿಯನ್ನು 28ರ ಹತ್ತಿರ ಇಳಿಸಬಲ್ಲದು. ನಮ್ಮ ಮನೆಮನೆಯ ಕೂಲರ್ ಮಾಡುವುದು ಇದನ್ನೇ. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಕೂಲರ್ ಇಟ್ಟರೆ ಒಂದು ತಾಸಿಗೆ ಒಳಗೆಲ್ಲ ಜಿಗಿಜಿಗಿ. ಒದ್ದೆ ಗಾಳಿ ಹೊರಹೋಗಲು ಛಾವಣಿಯ ಅಂಚಿನ ಹಾಳೆಗಳನ್ನು ತೆಗೆದು ಅಡ್ಡಪಟ್ಟಿಯ ಜಾಲಂಧ್ರ ಕೂರಿಸಬೇಕು, ಕೆಟ್ಟ ಹಾಳೆಗಳ ಜಾಗಕ್ಕೆ ಬಿಳಿ ತಗಡು ಬರಬೇಕು. ಮಳೆಗಾಲದಲ್ಲಿ ಪ್ಯಾಡ್ ಕೆಲಸ ಮಾಡುವುದಿಲ್ಲ, ಆಗ ಬರೀ ಫ್ಯಾನ್ ಸಾಕು. ಗೇಟಿನ ಹೊರಗೆ ನಿಂತಿರುವ ಸುಸಲಾ-ಮಿರ್ಚಿ ಬಂಡಿಗಳನ್ನು ಒಳಗಿನ ಅಂಗಳಕ್ಕೆ ಕರೆದರೆ ಕೊನೆಯ ಮಹಡಿಯಲ್ಲಿ ಖಾಲಿ ಬಿದ್ದ ಫುಡ್‌ಕೋರ್ಟಿಗಿಂತ ಹೆಚ್ಚು ಜನ ಬಂದಾರು.

ಅದಕ್ಕೂ ಮೊದಲು ಬೆಂಕಿ ಆರಿಸುವ ಪಂಪು ನೋಡಬೇಕು. ಪೈಪಿನ ಒತ್ತಡ ಎಲ್ಲೋ ಸೋರುತ್ತಿದೆ, ಒತ್ತಡ ಸರಿದೂಗಿಸುವ ಚಿಕ್ಕ ಜಾಕಿ ಪಂಪು ಮತ್ತೆ ಮತ್ತೆ ಹೊಡೆದುಕೊಳ್ಳುತ್ತದೆ ಎಂದು ಪ್ಯಾನಲ್ಲನ್ನು ಮ್ಯಾನುವಲ್‌ಗೆ ತಿರುಗಿಸಿ ಬಿಟ್ಟಿದ್ದಾರೆ. ಹಾಗಿರುವಾಗ 68 ಡಿಗ್ರಿಗೆ ಸ್ಪ್ರಿಂಕ್ಲರಿನ ಕೆಂಪು ಗಾಜು ಒಡೆದರೂ ಪಂಪು ತಾನಾಗಿ ಶುರುವಾಗದೆ, ಪೈಪಿನಲ್ಲಿದ್ದ ನೀರು ಸುರಿದು ನಿಂತುಹೋಗುತ್ತದೆ. ಸೋರುವ ವಾಲ್ವ್ ಹುಡುಕಿ ಗ್ಲ್ಯಾಂಡ್ ಬಿಗಿದು ಮತ್ತೆ ಆಟೋಗೆ ತಿರುಗಿಸುವುದು ಒಂದು ದಿನದ ಕೆಲಸ. ಹಿಂದಿನ ಮೆಟ್ಟಿಲ ಬಾಗಿಲಿನ ಸರಪಳಿಯನ್ನು ಇವತ್ತೇ ಬಿಚ್ಚಬೇಕು.

4.50. ಗಾರ್ಡ್ ಕೀಲಿಗೊಂಚಲು ಹಿಡಿದು ಏರುವ ಎಸ್ಕಲೇಟರಿನ ಕೆಳಗೆ ನಿಂತಿದ್ದಾನೆ. ಕ್ರಮ ತಪ್ಪಿಸುವುದಿಲ್ಲ: ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ನೋಡುವುದು, ಎರಡೂ ಬಾಚಣಿಗೆಯಲ್ಲಿ ಕಲ್ಲು, ಸ್ಕ್ರೂ ಸಿಕ್ಕಿದೆಯೇ ಎಂದು ಬಗ್ಗಿ ನೋಡುವುದು, ಕೀಲಿ ಮೇಲ್ಮುಖಕ್ಕೆ ತಿರುಗಿಸುವುದು, ಒಂದು ಪೂರ್ತಿ ಸುತ್ತು ಖಾಲಿ ಓಡಿಸಿ ಕೈಪಟ್ಟಿ ಮೆಟ್ಟಿಲಿನ ಜೊತೆ ಜೊತೆಗೇ ಬರುತ್ತಿದೆಯೇ ಎಂದು ಅಂಗೈ ಇಟ್ಟು ನೋಡುವುದು. ಕಟ್ಟೆಯ ಮೇಲಿದ್ದ ಅಜ್ಜ ಎದ್ದು ಕೂತು ಪೇಪರ್ ಮಡಿಚುತ್ತಿದ್ದಾನೆ. ಬಾಗಿಲ ಹತ್ತಿರ ಇಬ್ಬರು ಮಕ್ಕಳು ಚಪ್ಪಲಿ ಸರಿಮಾಡಿಕೊಂಡು ಕಾಯುತ್ತಿದ್ದಾರೆ.